ಪ್ರವಾಸಿಗರು ಬಂದರೆ ದುಡ್ಡು ಊರಲ್ಲೇ ಉಳಿಯಬೇಕು. ಹೇಗೆ? ಅನುಭವ ಇದ್ದವರು ಹೇಳಿ

ಹೊಳೆಸಾಲಿನವ, ಶಿರಸಿ ತಾಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮದು ಅಘನಾಶಿನಿ ಕೊಳ್ಳದ ಸಣ್ಣ ಊರು. ಶಿರಸಿಯಿಂದ ಕುಮಟಾ ಕಡೆ ಘಟ್ಟ ಇಳಿಯುವಾಗ ಒಳಗೆ ಬರಬೇಕು. ಹದಿನಾಲ್ಕು ಮನೆ. ಅಡಿಕೆ ತೋಟ, ಸ್ವಲ್ಪ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ. ಐದು ಮನೆಯಲ್ಲಿ ಈಗ ವಯಸ್ಸಾದವರು ಮಾತ್ರ ಇದ್ದಾರೆ. ಮಕ್ಕಳೆಲ್ಲ ಬೆಂಗಳೂರು, ಹುಬ್ಬಳ್ಳಿ. ಎಲೆಚುಕ್ಕೆ ರೋಗ ಬಂದ ಮೇಲೆ ನಮ್ಮ ತೋಟದ ಫಸಲು ಅರ್ಧಕ್ಕೆ ಇಳಿದಿದೆ.

ಕಳೆದ ತಿಂಗಳು ಹೊರಗಿನವರೊಬ್ಬರು ಬಂದು ಹೊಳೆ ಪಕ್ಕದ ಮೂರು ಎಕರೆ ಕೇಳಿದರು. ಹನ್ನೆರಡು ಕಾಟೇಜು, ಒಂದು ಈಜುಕೊಳ ಕಟ್ಟುತ್ತಾರಂತೆ. 'ನಿಮ್ಮ ಹುಡುಗರಿಗೆ ಕೆಲಸ ಕೊಡ್ತೇವೆ' ಅಂದರು. ಹೊಳೆ ಪಕ್ಕದಲ್ಲಿ ಈಜುಕೊಳ ಯಾಕೆ ಅಂತ ನಮ್ಮ ದೊಡ್ಡಪ್ಪ ಕೇಳಿದರು, ಅದಕ್ಕೆ ಉತ್ತರ ಬರಲಿಲ್ಲ. ಜಾಗದ ಯಜಮಾನರಿಗೆ ಎಪ್ಪತ್ತೆರಡು ವರ್ಷ. ಮೊಣಕಾಲು ಆಪರೇಷನ್ ಆಗಬೇಕು. ಅವರಿಗೆ ದುಡ್ಡು ನಿಜವಾಗಿಯೂ ಬೇಕು. ಹಾಗಾಗಿ ಯಾರೂ ಅವರನ್ನು ಬೈಯುವ ಹಾಗಿಲ್ಲ.

ಯಾಣಕ್ಕೆ ಹೋಗುವ ದಾರಿ ನಮಗೆ ದೂರ ಇಲ್ಲ. ಶನಿವಾರ ಭಾನುವಾರ ಕಾರಿನ ಸಾಲು ನೋಡುತ್ತೇವೆ. ಬರುವಾಗಲೇ ನೀರು, ಬಿಸ್ಕತ್ತು ಎಲ್ಲ ಪೇಟೆಯಲ್ಲಿ ತುಂಬಿಸಿಕೊಂಡಿರುತ್ತಾರೆ. 120 ಮೀಟರಿನ ಭೈರವೇಶ್ವರ ಶಿಖರದ ಎದುರು ಫೋಟೊ ತೆಗೆದು ಸಂಜೆಯೊಳಗೆ ಗೋಕರ್ಣಕ್ಕೆ ಇಳಿಯುತ್ತಾರೆ. ದಾರಿಯ ಊರುಗಳಿಗೆ ಸಿಗುವುದು ಧೂಳು ಮತ್ತು ಖಾಲಿ ಬಾಟಲಿ.

ಊರಿನ ಸಭೆಯಲ್ಲಿ ನಾಲ್ಕೈದು ಮನೆಯವರು 'ನಾವೇ ಯಾಕೆ ಪ್ರವಾಸಿಗರನ್ನು ನೆಂಟರ ಹಾಗೆ ಮನೆಗೆ ಕರೆಯಬಾರದು' ಅಂದರು. ದೊಡ್ಡ ದೊಡ್ಡ ಮನೆಗಳು ಖಾಲಿ ಬಿದ್ದಿವೆ, ಜಗಲಿ ಇದೆ, ಬೆಟ್ಟದಿಂದ ಹರಿದು ಬರುವ ಅಬ್ಬಿ ನೀರಿದೆ. ಆದರೆ ನಮಗೆ ಏನೂ ಗೊತ್ತಿಲ್ಲ. ಮನೆ ಮನೆ ನಡುವೆ ಜಗಳ ಬಾರದ ಹಾಗೆ ನಡೆಸುವುದು ಹೇಗೆ? ಯಾರಾದರೂ ಮಾಡಿ ನೋಡಿದವರು ಇದ್ದೀರಾ?

ಕುಡ್ಲೆ ಕಡೆಯವ, ಗೋಕರ್ಣ

ಜಾಗ ಕೊಡಬೇಡಿ. ಮೊದಲು ಇಷ್ಟು ಹೇಳಿ ಆಮೇಲೆ ಕಾರಣ ಹೇಳುತ್ತೇನೆ.

ನಮ್ಮ ಅಪ್ಪ ಸಮುದ್ರದ ಹತ್ತಿರದ ತೆಂಗಿನ ತೋಟ ಮಾರಿದರು. ಆಗ ಅಷ್ಟು ದುಡ್ಡನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅಕ್ಕನ ಮದುವೆ ಆಯಿತು, ಮಾಡಿಗೆ ಹೊಸ ಹಂಚು ಬಂತು, ಒಂದು ಬೈಕು ಬಂತು. ನಾಲ್ಕು ವರ್ಷದಲ್ಲಿ ಎಲ್ಲ ಮುಗಿಯಿತು. ಈಗ ಅದೇ ಜಾಗದಲ್ಲಿ ನನ್ನ ಅಣ್ಣ ರಾತ್ರಿ ಪಾಳಿಯ ಕಾವಲುಗಾರ. ಅಪ್ಪ ನೆಟ್ಟ ಮರಗಳು ಇನ್ನೂ ಇವೆ. ಕಾಯಿ ಕೀಳಿಸುವವರು ಬೇರೆ.

ಪ್ರವಾಸಿಗರು ಬರಬಾರದು ಅಂತ ನಾನು ಹೇಳುತ್ತಿಲ್ಲ. ರಿಕ್ಷಾದವರು, ಅಂಗಡಿಯವರು, ಪೂಜೆಯವರು, ಎಷ್ಟೋ ಮನೆ ಅದರಿಂದಲೇ ಬದುಕಿವೆ. ನಾನೂ ಅದರಲ್ಲೇ ದುಡಿಯುತ್ತೇನೆ. ಆದರೆ ನಮ್ಮ ಕಡೆ ಅಡುಗೆಯವರು ಹೊರಗಿನವರು, ತರಕಾರಿ ಹುಬ್ಬಳ್ಳಿ ಲಾರಿಯದ್ದು, ಬುಕಿಂಗ್ ಇನ್ನೆಲ್ಲೋ ಕೂತವರದ್ದು. ಏಪ್ರಿಲ್ ಬಂದರೆ ನಮ್ಮ ಮನೆ ಬಾವಿ ಉಪ್ಪಾಗುತ್ತದೆ, ಟ್ಯಾಂಕರ್ ತರಿಸಬೇಕು. ಜಾಗ ಕೈಯಲ್ಲಿದ್ದರೆ ತಪ್ಪು ಮಾಡಿದರೂ ತಿದ್ದಿಕೊಳ್ಳಬಹುದು. ಕೈಬಿಟ್ಟ ಮೇಲೆ ಮಾತಾಡಲಿಕ್ಕೂ ನಮ್ಮನ್ನು ಯಾರೂ ಕರೆಯುವುದಿಲ್ಲ.

ಲೆಕ್ಕದ ಪುಸ್ತಕ, ಕಾರವಾರ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತನಾದವನು. ಕಾಗದದ ವಿಷಯ ನಾನು ಹೇಳುತ್ತೇನೆ.

2020ರಲ್ಲಿ ನಮ್ಮ ರಾಜ್ಯದ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆಯಿತು. 79ಎ, 79ಬಿ ಕಲಂ ತೆಗೆದರು. ಅದಕ್ಕೆ ಮುಂಚೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಅಡ್ಡಿ ಇತ್ತು. ಈಗ ಇಲ್ಲ. ಮಲೆನಾಡಿನ ಹೊಳೆದಂಡೆಗೆ ಇಷ್ಟು ಗಿರಾಕಿ ಬರಲು ಅದೂ ಒಂದು ಕಾರಣ. ಆದರೆ ಕೊಂಡ ತಕ್ಷಣ ಕಾಟೇಜು ಕಟ್ಟಲು ಬರುವುದಿಲ್ಲ. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿಯೇತರ ಪರಿವರ್ತನೆ ಆಗಬೇಕು. ಇನ್ನು ಸೊಪ್ಪಿನ ಬೆಟ್ಟ. ಅದು ನಿಮ್ಮ ಸ್ವಂತ ಜಮೀನಲ್ಲ, ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಕೊಟ್ಟ ಹಕ್ಕು ಮಾತ್ರ. ಅಲ್ಲಿ ಕಟ್ಟಡ ಕಟ್ಟುತ್ತೇವೆ ಅಂತ ಯಾರಾದರೂ ನಕ್ಷೆ ತೋರಿಸಿದರೆ ಅಲ್ಲೇ ನಿಲ್ಲಿಸಿ.

ಜಾಗ ಕೇಳಿದವರು 'ಮಾರಬೇಡಿ, ಬರೀ ಲೀಸಿಗೆ ಕೊಡಿ' ಅನ್ನಬಹುದು. ಎಷ್ಟು ವರ್ಷ ಅಂತ ನೋಡಿ. ಎಪ್ಪತ್ತೆರಡರ ಯಜಮಾನರು ಮೂವತ್ತು ವರ್ಷಕ್ಕೆ ರುಜು ಹಾಕಿದರೆ ಅದು ಮಾರಿದ ಹಾಗೇ. ಪತ್ರವನ್ನು ನಿಮ್ಮದೇ ವಕೀಲರಿಗೆ ತೋರಿಸಿ, ಅವರು ಕರೆತಂದ ವಕೀಲರಿಗಲ್ಲ.

ನೀವೇ ಹೋಮ್‌ಸ್ಟೇ ಮಾಡುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ. ಪಂಚಾಯಿತಿಗೆ ತಿಳಿಸಿ. ಊಟ ಹಾಕುವುದಕ್ಕೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕಳಿಸಬೇಕು, ಅದನ್ನು ಮರೆತು ತೊಂದರೆಗೆ ಸಿಕ್ಕಿದವರನ್ನು ನೋಡಿದ್ದೇನೆ. ಬಂದವರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಿ, ನೆಂಟರಂತೆ ಕಂಡರೂ ಸರಿ.

ಯಾಣದ ಹಾದಿ

ನಾವು ಎಂಟು ವರ್ಷದಿಂದ ಮನೆಯಲ್ಲಿ ಜನ ಇಳಿಸಿಕೊಳ್ಳುತ್ತಿದ್ದೇವೆ. ಹೊಳೆಸಾಲಿನವರೇ, ಜಗಳದ ಬಗ್ಗೆ ಕೇಳಿದಿರಿ ಅಲ್ವಾ? ಅದನ್ನು ಅನುಭವಿಸಿಯೇ ಕಲಿತಿದ್ದು.

ಮೊದಲು ನಮ್ಮದೊಂದೇ ಮನೆ. ಒಬ್ಬರಿಗೆ ದಿನಕ್ಕೆ 1200 ರೂಪಾಯಿ, ಊಟ ತಿಂಡಿ ಸೇರಿ. ಎರಡನೇ ವರ್ಷ ಪಕ್ಕದ ಮನೆಯವರು ಶುರು ಮಾಡಿದರು, ಸಾವಿರಕ್ಕೆ. ನಾವು ಒಂಬೈನೂರಕ್ಕೆ ಇಳಿಸಿದೆವು. ಅವರು ಎಂಟುನೂರು. ಕೊನೆಗೆ ಇಬ್ಬರಿಗೂ ಹಾಲು, ತುಪ್ಪದ ಖರ್ಚು ಕೂಡ ಹುಟ್ಟಲಿಲ್ಲ. ನಮ್ಮಿಬ್ಬರ ಮನೆ ನಡುವೆ ಒಂದು ವರ್ಷ ಮಾತೇ ಇರಲಿಲ್ಲ. ಒಂದೇ ತೋಟದ ಕಾಲುವೆ ನೀರು ಹಂಚಿಕೊಳ್ಳುವವರು ನಾವು!

ಆಮೇಲೆ ಊರಿನ ಹಿರಿಯರೊಬ್ಬರು ಜಗಲಿಯಲ್ಲಿ ಕೂರಿಸಿ ಒಂದು ನೋಟ್‌ಬುಕ್ ಕೊಟ್ಟರು. ಮಕ್ಕಳ ಇನ್ನೂರು ಪುಟದ ಪುಸ್ತಕ. ಅದರಲ್ಲಿ ಮನೆಗಳ ಹೆಸರು, ಸರದಿ. ಬಂದವರು ಯಾರಿಗೇ ಫೋನ್ ಮಾಡಿರಲಿ, ಸರದಿ ಯಾರದೋ ಅವರ ಮನೆಗೇ ಹೋಗಬೇಕು. ದರ ಎಲ್ಲರಿಗೂ ಒಂದೇ. ಹತ್ತು ರೂಪಾಯಿಗೆ ಒಂದು ರೂಪಾಯಿ ಊರಿನ ಡಬ್ಬಿಗೆ. ಆ ಡಬ್ಬಿಯ ದುಡ್ಡಿನಲ್ಲೇ ಕಾಲುಸಂಕ ರಿಪೇರಿ ಆಯಿತು, ಶಾಲೆಗೆ ನೀರಿನ ಫಿಲ್ಟರ್ ಬಂತು. ಈಗ ಐದು ಮನೆ ಸೇರಿದ್ದೇವೆ. ಪುಸ್ತಕ ಮೂರನೆಯದು ನಡೆಯುತ್ತಿದೆ.

ಇನ್ನೊಂದು ಮಾತು. ಆನ್‌ಲೈನ್ ಬುಕಿಂಗ್‌ನವರು ಫೋನ್ ಮಾಡುತ್ತಲೇ ಇರುತ್ತಾರೆ. ಒಮ್ಮೆ ಸೇರಿದ್ದೆವು. ಕಮಿಷನ್ ಹೋಗಲಿ, ಅದಕ್ಕಿಂತ ದೊಡ್ಡ ಕಷ್ಟ ಅಂದರೆ ಯಾರು ಬರುತ್ತಾರೆ, ಎಷ್ಟು ಜನ ಅಂತ ನಾವು ತೀರ್ಮಾನಿಸುವ ಹಾಗಿಲ್ಲ. ರಾತ್ರಿ ಹತ್ತಕ್ಕೆ ಹದಿಮೂರು ಜನ ಸ್ಪೀಕರ್ ಹಿಡಿದು ಬಂದರು. ನಾವು ಬೇಡ ಅಂದಿದ್ದಕ್ಕೆ ಕೆಟ್ಟದಾಗಿ ಬರೆದರು. ಬುಕಿಂಗ್ ಫೋನ್ ಊರಿನವರ ಕೈಯಲ್ಲೇ ಇರಲಿ. 'ಈ ವಾರ ಆಗುವುದಿಲ್ಲ, ಊರಲ್ಲಿ ಹಬ್ಬ ಇದೆ' ಅಂತ ಹೇಳುವ ಹಕ್ಕು ನಿಮ್ಮದಾಗಿರಬೇಕು.

ಪಯಣಿಗ, ಬೆಂಗಳೂರು

ನಾನು ಬರುವವರ ಕಡೆಯವನು. ಹೋದ ಡಿಸೆಂಬರಿನಲ್ಲಿ ಸಿದ್ದಾಪುರದ ಕಡೆ ಒಂದು ಮನೆಯಲ್ಲಿ ಮೂರು ದಿನ ಇದ್ದೆವು, ಉಂಚಳ್ಳಿ ಜಲಪಾತ ನೋಡಲು ಹೋದವರು. ಜಲಪಾತ ಚೆನ್ನಾಗಿತ್ತು. ಆದರೆ ನನ್ನ ಮಗಳು ಈಗಲೂ ಹೇಳುವುದು ಹಂಡೆ ನೀರಿನ ಸ್ನಾನ, ಬಚ್ಚಲ ಒಲೆಯ ಎದುರು ಕೂತು ಹಲಸಿನ ಹಪ್ಪಳ ಸುಟ್ಟು ತಿಂದಿದ್ದು. ಅಪ್ಪೆಹುಳಿಯನ್ನು ಲೋಟದಲ್ಲಿ ಹಾಕಿಸಿಕೊಂಡು ನಾಲ್ಕು ಸಲ ಕುಡಿದಳು. ನಮಗೆ ಈಜುಕೊಳ ಬೇಡ. ನಿಮ್ಮ ಮನೆ ಇದ್ದ ಹಾಗೇ ಇರಲಿ. ಶೌಚಾಲಯ ಮಾತ್ರ ಸ್ವಚ್ಛ ಇರಲಿ, ಹಾಸಿಗೆ ಒಣಗಿರಲಿ. ದುಡ್ಡು ಕೊಡಲು ನಮಗೆ ಬೇಜಾರಿಲ್ಲ. ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾದರೆ ಇನ್ನೂ ಖುಷಿಯಿಂದ ಕೊಡುತ್ತೇವೆ.

ಅಡುಗೆಮನೆಯಿಂದ, ಯಲ್ಲಾಪುರ

ಪಯಣಿಗ ಅವರೇ, ಹಪ್ಪಳ ಸುಟ್ಟುಕೊಟ್ಟವರು ಯಾರು? ಹಂಡೆಗೆ ಬೆಂಕಿ ಹಾಕಿದವರು ಯಾರು? ನಿಮ್ಮನ್ನು ಬೈಯುತ್ತಿಲ್ಲ. ಇಲ್ಲಿಯವರೆಗೆ ಬರೆದ ಯಾರೂ ಕೇಳಲಿಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ನಾನು ಒಂದು ಹೋಮ್‌ಸ್ಟೇ ಮನೆಯ ಸೊಸೆ. ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಕೊಟ್ಟಿಗೆ ಕೆಲಸ, ಮನೆಯವರ ತಿಂಡಿ, ಆಮೇಲೆ ಬಂದವರ ತಿಂಡಿ. ಅವರು ಹತ್ತಕ್ಕೆ ಏಳುತ್ತಾರೆ, ದೋಸೆ ಬಿಸಿ ಇರಬೇಕು. ಮಧ್ಯಾಹ್ನ ತಂಬುಳಿ, ಪಲ್ಯ, ಸಾರು, ಒಂದು ಸಿಹಿ. ಹಾಸಿಗೆ ಹೊದಿಕೆ ಒಗೆಯುವುದು ಮಳೆಗಾಲದಲ್ಲಿ ಎಷ್ಟು ಕಷ್ಟ ಅಂತ ಒಗೆದವರಿಗೇ ಗೊತ್ತು. ಜಗಲಿಯಲ್ಲಿ ಕೂತು ಊರಿನ ಕತೆ ಹೇಳುವವರು ಗಂಡಸರು. ದುಡ್ಡು ತೆಗೆದುಕೊಳ್ಳುವವರೂ ಅವರೇ. ಮೂರು ವರ್ಷ ನನ್ನ ಕೈಗೆ ಒಂದು ರೂಪಾಯಿ ಬಂದಿಲ್ಲ. ಯಾರೂ ಕೆಟ್ಟವರಲ್ಲ, ನಮ್ಮ ಮನೆಯಲ್ಲಿ ಯಾರಿಗೂ ಅದು ಹೊಳೆಯಲೇ ಇಲ್ಲ ಅಷ್ಟೆ.

ಬದಲಾಗಿದ್ದು ತೊಡದೇವಿನಿಂದ, ನಮ್ಮ ಕಡೆಯ ತೆಳು ಸಿಹಿತಿಂಡಿ ಅದು. ಒಮ್ಮೆ ಬಂದ ನಾಲ್ಕು ಜನ ಹೆಂಗಸರು ತೊಡದೇವು ಮಾಡುವುದನ್ನು ಕಲಿಸಿ ಅಂದರು. ಆಲೆಮನೆ ಕಾಲ, ಕಬ್ಬಿನ ಹಾಲು ಇತ್ತು. ಮಡಕೆಯನ್ನು ಒಲೆ ಮೇಲೆ ಬೋರಲು ಹಾಕಿ, ಕಾದ ಮೇಲೆ ತುಪ್ಪ ಸವರಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಒಂದೇ ಬೀಸಿಗೆ ಎಳೆಯಬೇಕು. ಎರಡನೇ ಸಲ ಮುಟ್ಟಿದರೆ ಹರಿಯುತ್ತದೆ. ಕಾಗದದ ಹಾಗೆ ಏಳುತ್ತದೆ, ಬಿಸಿ ಇರುವಾಗಲೇ ಮಡಚಬೇಕು, ಇಲ್ಲದಿದ್ದರೆ ಪುಡಿ. ಅವರು ಹತ್ತು ಸಲ ಹರಿದರು, ಹನ್ನೊಂದನೆಯದು ಬಂತು. ಹೋಗುವಾಗ ನನ್ನ ಕೈಗೇ ಎರಡು ಸಾವಿರ ಕೊಟ್ಟರು. 'ಇದು ನಿಮ್ಮ ಫೀಸು, ಮನೆ ಬಾಡಿಗೆಯಲ್ಲ' ಅಂದರು.

ಅವತ್ತು ರಾತ್ರಿ ನಾನು ಅತ್ತೆಗೆ ಹೇಳಿದೆ, ಅಡುಗೆ ಲೆಕ್ಕ ಬೇರೆ ಆಗಬೇಕು ಅಂತ. ಅತ್ತೆಯೇ ನನ್ನ ಪರ ನಿಂತರು. ಅವರು ನಲವತ್ತು ವರ್ಷ ಸುಮ್ನೆ ಮಾಡಿದವರು. ಈಗ ಒಬ್ಬ ಅತಿಥಿಗೆ ಇಷ್ಟು ಅಂತ ಊಟದ ದುಡ್ಡು ನಮ್ಮಿಬ್ಬರ ಖಾತೆಗೆ ಹೋಗುತ್ತದೆ. ಪಾತ್ರೆ ತೊಳೆಯಲು ಬರುವವರಿಗೂ ದಿನದ ಕೂಲಿ ಇದೆ. ವಾರದಲ್ಲಿ ಎರಡು ದಿನ ಯಾರನ್ನೂ ಇಳಿಸಿಕೊಳ್ಳುವುದಿಲ್ಲ.

ಹೊಳೆಸಾಲಿನವರೇ, ನಿಮ್ಮ ಸಭೆಯಲ್ಲಿ ಹೆಂಗಸರು ಇದ್ದರಾ? ಮುಂದಿನ ಸಭೆಯಲ್ಲಿ ಅವರನ್ನು ಕೂರಿಸಿ. ಚಹಾ ಮಾಡಲು ಒಳಗೆ ಕಳಿಸಬೇಡಿ.

ಗಜನಿ ಮಗಳು, ಕುಮಟಾ

ಯಲ್ಲಾಪುರದ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ.

ನಿಮ್ಮ ಹೊಳೆಯೇ ಕೆಳಗೆ ನಮ್ಮ ಹತ್ತಿರ ಬಂದು ಸಮುದ್ರ ಸೇರುವುದು. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಸಿಹಿನೀರು ಉಪ್ಪುನೀರು ತಮ್ಮಷ್ಟಕ್ಕೆ ಬೆರೆಯುತ್ತವೆ, ಅದಕ್ಕೇ ಇಲ್ಲಿ ಬಳಚು (ಚಿಪ್ಪುಮೀನು) ಬೆಳೆಯುತ್ತದೆ, ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಬೆಳೆಯುತ್ತದೆ, ಮಾಣಿಕಟ್ಟಾ ಕಡೆ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. 2024ರ ಜನವರಿಯಲ್ಲಿ ನಮ್ಮ ಅಳಿವೆಗೆ ರಾಮ್ಸಾರ್ ಹೆಸರು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಹೆಸರು ಬಂತು. 4801 ಹೆಕ್ಟೇರ್. ಆ ಮೇಲೆ ನೋಡಲು ಬರುವವರು ಜಾಸ್ತಿ ಆಗಿದ್ದಾರೆ.

ನಮ್ಮ ಅಮ್ಮ ಇಳಿತದ ಹೊತ್ತಿಗೆ ನೀರಿಗೆ ಇಳಿಯುತ್ತಾಳೆ. ಸೊಂಟದವರೆಗೆ ನೀರು. ಕಣ್ಣಿಗೆ ಏನೂ ಕಾಣುವುದಿಲ್ಲ, ಕಾಲಿನ ಬೆರಳಿನಲ್ಲೇ ಮರಳು ಕೆದಕಿ ಬಳಚು ಎಲ್ಲಿದೆ ಅಂತ ಹೇಳುತ್ತಾಳೆ. ತೇಲುವ ಪಾತ್ರೆಯನ್ನು ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿಕೊಂಡಿರುತ್ತಾಳೆ, ತುಂಬುತ್ತಾ ಹೋಗುತ್ತದೆ. ದೋಣಿಯಲ್ಲಿ ಬಂದವರು ದೂರದಿಂದ ಫೋಟೊ ತೆಗೆಯುತ್ತಿದ್ದರು. ಕೇಳುತ್ತಿರಲಿಲ್ಲ. ಒದ್ದೆ ಸೀರೆಯಲ್ಲಿರುವ ಹೆಂಗಸರ ಫೋಟೊ. ಅಮ್ಮನಿಗೆ ಅದು ತುಂಬ ನೋವಾಗುತ್ತಿತ್ತು.

ಈಗ ನಮ್ಮ ಸ್ವಸಹಾಯ ಸಂಘದಿಂದ ಒಂದು ಮಾತು ಮಾಡಿದ್ದೇವೆ. ದೋಣಿ ನಮ್ಮೂರಿನವರದ್ದೇ. ಬಳಚು ಹೆಕ್ಕುವ ಜಾಗಕ್ಕೆ ದೋಣಿ ಹೋಗುವಂತಿಲ್ಲ. ನೋಡಬೇಕು ಅಂದವರು ನೀರಿಗೆ ಇಳಿಯಲಿ, ಅಮ್ಮನ ಜೊತೆ ಒಂದು ತಾಸು ಹೆಕ್ಕಲಿ, ಅವಳಿಗೆ ಆ ತಾಸಿನ ದುಡ್ಡು ಕೊಡಲಿ. ಮೊಬೈಲು ದೋಣಿಯಲ್ಲೇ. ಇಳಿದವರು ಯಾರೂ ಇಲ್ಲಿಯವರೆಗೆ ಬೇಸರ ಮಾಡಿಲ್ಲ. ಒಂದು ತಾಸಿನಲ್ಲಿ ಅವರಿಗೆ ಸಿಗುವುದು ಎಂಟು ಹತ್ತು. ಅಮ್ಮನ ಪಾತ್ರೆ ಆಗಲೇ ತುಂಬಿರುತ್ತದೆ. ಆಗ ಅವಳನ್ನು ನೋಡುವ ಕಣ್ಣೇ ಬೇರೆ ಆಗುತ್ತದೆ.

ಸಣ್ಣ ಬಳಚು ಸಿಕ್ಕಿದರೆ ವಾಪಸ್ ಬಿಡಬೇಕು, ಅದನ್ನು ಬಂದವರಿಗೂ ಹೇಳಿಕೊಡುತ್ತೇವೆ. ಬಳಚು ಮುಗಿದರೆ ನಮಗೆ ಊಟವೂ ಇಲ್ಲ, ತೋರಿಸಲಿಕ್ಕೂ ಏನೂ ಇಲ್ಲ.

ಅಂಕೋಲಾ ಹುಡುಗ

ನಾನು ಹಾಲಕ್ಕಿ ಒಕ್ಕಲಿಗ. ಗಜನಿ ಮಗಳು ಬರೆದದ್ದು ಓದಿ ನನಗೂ ಹೇಳಬೇಕು ಅನ್ನಿಸಿತು.

ನಮ್ಮ ಸುಗ್ಗಿ ಕುಣಿತ ನೀವೆಲ್ಲ ನೋಡಿರುತ್ತೀರಿ. ತಲೆಗೆ ತುರಾಯಿ, ಬೆಂಡಿನ ಹೂವು. ಹೋಳಿ ಹೊತ್ತಿಗೆ ದೇವರ ಕಾರ್ಯ ಮಾಡಿ ತುರಾಯಿ ಕಟ್ಟುತ್ತೇವೆ, ಮನೆ ಮನೆಗೆ ಹೋಗುತ್ತೇವೆ, ಕೊನೆಗೆ ಶಾಸ್ತ್ರದಿಂದಲೇ ಬಿಚ್ಚುತ್ತೇವೆ. ಒಂದು ಕಡೆ ನವೆಂಬರಿನಲ್ಲಿ ಕುಣಿಯಲು ಕರೆದರು. ತಂಡದ ಹಿರಿಯರಿಗೆ ಮನಸ್ಸಿರಲಿಲ್ಲ, ಹುಡುಗರು ದುಡ್ಡಿಗೆ ಒಪ್ಪಿದರು. ಊಟ ಮಾಡುವವರ ಟೇಬಲ್ ಪಕ್ಕ ಹದಿನೈದು ನಿಮಿಷ ಕುಣಿಸಿದರು. ಒಬ್ಬರು ನನ್ನ ತುರಾಯಿ ಕಿತ್ತು ತಾವು ಹಾಕಿಕೊಂಡು ಸೆಲ್ಫಿ ತೆಗೆದರು. ಅಜ್ಜ ಅವತ್ತು ಮನೆಗೆ ಬಂದು ಮಾತಾಡಲಿಲ್ಲ.

ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಗಿಡ ಬೆಳೆಸಿದ ತುಳಸಿ ಗೌಡರಿಗೆ 2020ರಲ್ಲಿ. ಇಬ್ಬರೂ ನಮ್ಮವರು, ಇಬ್ಬರೂ ಈಗ ಇಲ್ಲ. ಸುಕ್ರಿಯವರದ್ದು ಗದ್ದೆಯಲ್ಲಿ, ಮದುವೆ ಮನೆಯಲ್ಲಿ ಹಾಡಿಕೊಂಡು ಬಂದ ಹಾಡು. ಅದಕ್ಕೇ ಅದಕ್ಕೆ ಬೆಲೆ.

ಆದ್ದರಿಂದ ನಮ್ಮ ತಂಡ ಈಗ ಹೇಳುವುದು ಇಷ್ಟೇ. ಸುಗ್ಗಿ ನೋಡಬೇಕಾದರೆ ಸುಗ್ಗಿಗೆ ಬನ್ನಿ. ನಮ್ಮ ಅಂಗಳದಲ್ಲಿ ಕೂರಿ. ಉಳಿದ ದಿನ ಬಂದರೆ ಗುಮಟೆ ಬಾರಿಸುವುದು ಕಲಿಸುತ್ತೇವೆ, ಕರಿ ಇಷಾಡ ಮಾವಿನ ಕಾಲ ಆದರೆ ಹಣ್ಣು ಕೊಡುತ್ತೇವೆ. ತುರಾಯಿ ಮಾತ್ರ ಆಗ ಕಟ್ಟುವುದಿಲ್ಲ. ಹೊಳೆಸಾಲಿನವರೇ, ನೀವೂ ಮೊದಲೇ ಕೂತು ಮಾತಾಡಿ, ಯಾವುದನ್ನು ತೋರಿಸುವುದು, ಯಾವುದು ನಿಮಗಷ್ಟೇ ಅಂತ.

ಕಾಳಿ ದಂಡೆ, ಜೋಯಿಡಾ

ನಮ್ಮ ಕಡೆಯದ್ದು ಚಿಕ್ಕದಾಗಿ ಹೇಳುತ್ತೇನೆ. ಗಣೇಶಗುಡಿಯಲ್ಲಿ ರಾಫ್ಟಿಂಗ್ ಇದೆ. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನೀರು ಬಿಡುವ ಗುಂಡಿ ಒತ್ತುವವರ ಕೈಯಲ್ಲಿ ನಮ್ಮ ಹುಡುಗರ ಕೂಲಿ. ಆದರೆ ಕುಣಬಿ ಮನೆಗಳ ಗೆಡ್ಡೆ ಗೆಣಸು ಹಾಗಲ್ಲ, ಅದು ನಮ್ಮದೇ ನೆಲದ್ದು. ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳ ನಡೆಯುತ್ತದೆ, ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ಬಂದವರಿಗೆ ಮನೆಯಲ್ಲಿ ಅದನ್ನೇ ಬೇಯಿಸಿ ಹಾಕಿದರೆ ಪೇಟೆಯಿಂದ ಏನೂ ತರಬೇಕಿಲ್ಲ. ಯಾವ ವಸ್ತು ಹೊರಗಿನಿಂದ ಬರುತ್ತದೋ ಅಷ್ಟು ದುಡ್ಡು ಹೊರಗೆ ಹೋಯಿತು ಅಂತಲೇ ಲೆಕ್ಕ ಇಡಿ.

ಮೇಷ್ಟ್ರು, ಸಿದ್ದಾಪುರ

ಎಲ್ಲರದ್ದೂ ಓದಿದೆ. ಬೇರೆ ಕಡೆಯ ಎರಡು ಉದಾಹರಣೆ ಹೇಳುತ್ತೇನೆ, ಇಂಥದ್ದು ಆಗುತ್ತದೆ ಅಂತ ಧೈರ್ಯ ಬರಲಿ.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ವೇಳಾಸ್ ಅಂತ ಸಣ್ಣ ಊರಿದೆ. ನಮ್ಮ ಹೊನ್ನಾವರ, ಕಾರವಾರದ ದಂಡೆಗೆ ಬರುವ ಅದೇ ಕಡಲಾಮೆ ಅಲ್ಲಿಗೂ ಬರುತ್ತದೆ. ಮೊದಲು ಮೊಟ್ಟೆ ಕದಿಯುತ್ತಿದ್ದರು. ಆಮೇಲೆ ಊರಿನವರೇ ಗೂಡು ಕಾಯಲು ನಿಂತರು. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಮರಿ ಕಡಲಿಗೆ ಹೋಗುವುದನ್ನು ನೋಡಲು ಜನ ಬರತೊಡಗಿದರು, ಅವರು ಇಳಿಯುವುದು ಊರಿನವರ ಮನೆಯಲ್ಲೇ. ಆಮೆ ಬದುಕಿದರೆ ಮಾತ್ರ ಅತಿಥಿ ಬರುತ್ತಾರೆ. ಅದಕ್ಕೇ ಕಾಯುವುದು ಅಲ್ಲಿ ಎಲ್ಲ ಮನೆಯ ಕೆಲಸ.

ಇನ್ನೊಂದು ಕೇರಳದ ಕುಮರಕಂ. 2008ರಲ್ಲಿ ಅಲ್ಲಿಯ ಸರ್ಕಾರ ಜವಾಬ್ದಾರಿ ಪ್ರವಾಸೋದ್ಯಮ ಶುರು ಮಾಡಿದ ನಾಲ್ಕು ಜಾಗಗಳಲ್ಲಿ ಅದೊಂದು. ದೊಡ್ಡ ಹೋಟೆಲುಗಳು ಆಗಲೇ ಬಂದಾಗಿತ್ತು. ಅವನ್ನು ಓಡಿಸಲು ಆಗಲಿಲ್ಲ. ಬದಲಿಗೆ ತರಕಾರಿಯನ್ನು ಊರಿನ ಕುಟುಂಬಶ್ರೀ ಹೆಂಗಸರ ಗುಂಪಿನಿಂದಲೇ ಕೊಳ್ಳುವ ಏರ್ಪಾಡು ಮಾಡಿದರು. ಹೋಟೆಲು ಬಂದುಬಿಟ್ಟ ಊರಿನವರು ಇದನ್ನು ನೋಡಬಹುದು. ಗೋಕರ್ಣದ ತಮ್ಮಾ, ನಿನಗೂ ಹೇಳುತ್ತಿದ್ದೇನೆ.

ನಮಗೆ ಸೇರಿ ನಡೆಸುವುದು ಹೊಸದಲ್ಲ. ಶಿರಸಿಯ ತೋಟಗಾರರ ಸೊಸೈಟಿ 1923ರಲ್ಲಿ ಹುಟ್ಟಿದ್ದು. ಅಡಿಕೆ ಬೆಳೆದವನೇ ಮಾರಾಟವನ್ನು ದಲ್ಲಾಳಿ ಕೈಯಿಂದ ಬಿಡಿಸಿಕೊಂಡದ್ದು ಹಾಗೆ. ಅಡಿಕೆಗೆ ಮಾಡಿದ್ದನ್ನು ಅತಿಥಿಗೆ ಮಾಡಲು ಆಗುವುದಿಲ್ಲವೇ?

ಒಂದು ಎಚ್ಚರಿಕೆ. ಸಾಲ ಮಾಡಿ ಕಟ್ಟಬೇಡಿ. 2020ರಲ್ಲಿ ಕೊರೊನಾ ಬಂದಾಗ ಒಬ್ಬರೂ ಬರಲಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ನಿಂತಿತು, ಜನ ಸತ್ತರು. ಮರುತಿಂಗಳೇ ಕಾರವಾರದ ಕಾಳಿ ಹಳೇ ಸೇತುವೆ ಬಿತ್ತು. ಜೂನ್ ಜುಲೈ ಮೀನುಗಾರಿಕೆಗೂ ರಜೆ, ದೋಣಿಯೂ ಇಳಿಯುವುದಿಲ್ಲ. ತೋಟ, ಗದ್ದೆ, ಹಾಲು ಮೊದಲು. ಅತಿಥಿ ಅದರ ಮೇಲಿನ ತುಪ್ಪ.

ದಣಪೆ ಆಚೆ

ಹೊಸ ಹೆಸರಿನಲ್ಲಿ ಬರೆಯುತ್ತಿದ್ದೇನೆ. ಶಿರಸಿ ತಾಲೂಕಿನವನೇ. ನಮ್ಮಪ್ಪ ತೋಟದ ಕೆಲಸಕ್ಕೆ ಹೋಗುವವರು. ಅಡಿಕೆ ಕೊನೆ ಕೊಯ್ಯುತ್ತಾರೆ, ಮದ್ದು ಹೊಡೆಯುತ್ತಾರೆ.

ಹೊಳೆಸಾಲಿನವರೇ, ಹದಿನಾಲ್ಕು ಮನೆ ಅಂದಿರಿ. ಕೇರಿಯ ಮನೆಗಳನ್ನೂ ಸೇರಿಸಿ ಹದಿನಾಲ್ಕಾ?

ನಮ್ಮೂರಲ್ಲೂ ಹೀಗೇ ಶುರುವಾಯಿತು. ದೊಡ್ಡ ಜಗಲಿ ಇದ್ದ ಮನೆಗಳಿಗೆ ಅತಿಥಿ ಬಂದರು. ಕಾಡಿನ ದಾರಿ ತೋರಿಸಲು ನನ್ನನ್ನು ಕರೆದರು. ಉಪ್ಪಾಗೆ ಮರ ಎಲ್ಲಿದೆ, ಸಿಂಗಳೀಕ ಯಾವ ಹೊತ್ತಿಗೆ ಯಾವ ಮರಕ್ಕೆ ಬರುತ್ತದೆ, ಎಲ್ಲ ನನಗೇ ಗೊತ್ತು. ಆರು ತಾಸು ತಿರುಗಿಸಿ ಬಂದರೆ ಇನ್ನೂರು ರೂಪಾಯಿ. ಊಟಕ್ಕೆ ಹೊರಗೆ ಕೂತೆ. ಬೆಂಗಳೂರಿನಿಂದ ಬಂದವರು, ಯಾವ ಜಾತಿ ಅಂತ ಯಾರೂ ಕೇಳದವರು, ಒಳಗೆ ಕೂತು ಉಂಡರು. ದುಡ್ಡು ಊರಲ್ಲಿ ಉಳಿಯಬೇಕು ಅನ್ನುತ್ತೀರಿ. ಒಳ್ಳೆಯ ಮಾತು. ಊರು ಅಂದರೆ ಯಾರು ಅಂತ ಮೊದಲು ಹೇಳಿ.

ಹೊಳೆಸಾಲಿನವ, ಶಿರಸಿ ತಾಲೂಕು

ಮೂರು ದಿನ ಉತ್ತರ ಬರೆಯಲು ಆಗಲಿಲ್ಲ. ಕ್ಷಮಿಸಿ.

ದಣಪೆ ಆಚೆಯವರು ಕೇಳಿದ್ದು ಸರಿ. ಹದಿನಾಲ್ಕರಲ್ಲಿ ಆ ಮನೆಗಳು ಇರಲಿಲ್ಲ. ನಾನು ಬರೆಯುವಾಗ ನನಗೆ ಅದು ತಪ್ಪು ಅಂತಲೂ ಅನ್ನಿಸಿರಲಿಲ್ಲ. ಹೊಳೆ ಆಚೆ ಏಳು ಮನೆ ಇವೆ. ಇಪ್ಪತ್ತೊಂದು ಅಂತ ಬರೆಯಬೇಕಿತ್ತು.

ನಿನ್ನೆ ಮತ್ತೆ ಸಭೆ ಮಾಡಿದೆವು. ಈ ಸಲ ಶಾಲೆಯಲ್ಲಿ, ಯಾರ ಮನೆಯ ಜಗಲಿಯಲ್ಲೂ ಅಲ್ಲ. ಇಪ್ಪತ್ತೊಂದು ಮನೆಗೂ ಹೋಗಿ ಕರೆದೆ. ಹದಿನೇಳು ಮನೆಯಿಂದ ಬಂದರು. ಹೆಂಗಸರು ಹನ್ನೊಂದು ಜನ. ಚಹಾ ನಾನು ಮತ್ತು ನನ್ನ ತಮ್ಮ ಮಾಡಿದೆವು.

ಎಲ್ಲ ಸುಲಭವಾಗಿ ಆಗಲಿಲ್ಲ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುವ ವಿಷಯಕ್ಕೆ ಇಬ್ಬರು ಹಿರಿಯರು ಎದ್ದು ಹೋದರು. ಅವರ ಮನೆ ಇಲ್ಲದೆಯೇ ಶುರು ಮಾಡೋಣ ಅಂತ ನನ್ನ ಅತ್ತಿಗೆ ಹೇಳಿದಳು. ನಾಲ್ಕು ಮನೆ ಒಪ್ಪಿದವು. ಅದರಲ್ಲಿ ಒಂದು ಹೊಳೆ ಆಚೆಯದು. ಅವರದು ಚಿಕ್ಕ ಮನೆ, ಒಂದೇ ಕೋಣೆ ಕೊಡಬಹುದು, ಆದರೆ ಹೊಳೆ ಕಾಣುವುದು ಅವರ ಮನೆಯಿಂದಲೇ. ಶೌಚಾಲಯ ಸರಿ ಮಾಡಿಸಲು ಉಳಿದ ಮೂರು ಮನೆಯವರು ಮುಂಗಡ ಹಾಕುತ್ತಾರೆ, ಡಬ್ಬಿ ತುಂಬಿದ ಮೇಲೆ ವಾಪಸ್. ಕಾಡಿನ ದಾರಿ ತೋರಿಸುವವರಿಗೆ ಅರ್ಧ ದಿನಕ್ಕೆ 800 ರೂಪಾಯಿ, ಅದು ಮನೆ ದುಡ್ಡಿನಲ್ಲಿ ಸೇರಿಲ್ಲ, ಅವರ ಕೈಗೇ. ಅಡುಗೆ ದುಡ್ಡು ಅಡುಗೆ ಮಾಡಿದವರ ಖಾತೆಗೆ. ಯಾಣದ ಹಾದಿಯವರ ಹಾಗೆ ಸರದಿ ಪುಸ್ತಕ ಒಂದು ತಂದೆವು. ಅದನ್ನು ಅತ್ತಿಗೆ ಮತ್ತು ಹೊಳೆ ಆಚೆಯ ಒಬ್ಬ ಹುಡುಗಿ ಇಟ್ಟುಕೊಳ್ಳುತ್ತಾರೆ. ಆ ಹುಡುಗಿ ಬಿ.ಕಾಂ ಎರಡನೇ ವರ್ಷ. ಬುಕಿಂಗ್ ಫೋನೂ ಅವಳ ಹತ್ತಿರವೇ.

ಎಷ್ಟು ಜನ ಅಂತ ಅಬ್ಬಿ ನೀರು ನೋಡಿ ತೀರ್ಮಾನಿಸಿದೆವು. ಈಗ ಧಾರಾಳ ಇದೆ, ಏಪ್ರಿಲ್‌ನಲ್ಲಿ ಬೆರಳು ಗಾತ್ರ ಬರುತ್ತದೆ. ಹಾಗಾಗಿ ಒಂದು ಸಲಕ್ಕೆ ಎಂಟೇ ಜನ. ಮಾರ್ಚ್ ಕೊನೆಯಿಂದ ಮಳೆ ಹಿಡಿಯುವವರೆಗೆ ಯಾರೂ ಇಲ್ಲ. ಸ್ಪೀಕರ್ ಇಲ್ಲ.

ಹೊಳೆ ಪಕ್ಕದ ಜಾಗದ ಯಜಮಾನರು ಇನ್ನೂ ಹೌದು ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ಸಭೆಗೆ ಬಂದು ಕೊನೆಯವರೆಗೆ ಕೂತಿದ್ದರು. ದೀಪಾವಳಿವರೆಗೆ ಯಾರಿಗೂ ಮಾತು ಕೊಡುವುದಿಲ್ಲ ಅಂದರು. ಆಪರೇಷನ್ ಖರ್ಚಿಗೆ ಸೊಸೈಟಿ ಸಾಲ ಕೇಳಿ ನೋಡೋಣ ಅಂತ ನಾಳೆ ಅವರ ಜೊತೆ ಶಿರಸಿಗೆ ಹೋಗುತ್ತಿದ್ದೇನೆ.

ಯಲ್ಲಾಪುರದ ಅಕ್ಕನಿಗೆ ಒಂದು ಪ್ರಶ್ನೆ. ನಮ್ಮ ಅಮ್ಮನಿಗೆ ತೊಡದೇವು ಬರುತ್ತದೆ, ಆದರೆ ಮಡಕೆ ಒಡೆದು ಹತ್ತು ವರ್ಷ ಆಯಿತು. ಈಗ ಪೇಟೆಯಲ್ಲಿ ಸಿಗುವುದು ತೆಳು, ಬೋರಲು ಹಾಕಿ ಬೆಂಕಿ ಕೊಟ್ಟರೆ ಬಿರುಕು ಬಿಡುತ್ತದೆ. ನೀವು ಎಲ್ಲಿಂದ ತರುತ್ತೀರಿ?

ಅಡುಗೆಮನೆಯಿಂದ, ಯಲ್ಲಾಪುರ

ಪೇಟೆಯದ್ದು ಬೇಡ ತಮ್ಮಾ. ನಮ್ಮ ಹತ್ತಿರದ ಊರಿನಲ್ಲಿ ಒಬ್ಬ ಕುಂಬಾರಜ್ಜ ಈಗಲೂ ಮಾಡುತ್ತಾರೆ. ದೊಡ್ಡದು, ಹೊಟ್ಟೆ ಗುಂಡಗೆ ಇರುವುದು ಅಂತ ಮೊದಲೇ ಹೇಳಬೇಕು, ಸುಟ್ಟು ಕೊಡಲು ಹದಿನೈದು ದಿನ ತೆಗೆದುಕೊಳ್ಳುತ್ತಾರೆ. ನಾಲ್ಕು ಮನೆ ಅಂದಿರಿ, ನಾಲ್ಕು ಹೇಳಿ ಇಡುತ್ತೇನೆ. ತಂದ ಮೇಲೆ ಎರಡು ದಿನ ಗಂಜಿ ನೀರಿನಲ್ಲಿ ನೆನೆಸಿಡಲು ಅಮ್ಮನಿಗೆ ಹೇಳಿ.